ನಾಲ್ಕು ಇಂಚು ಏರಿದ ಜೀಪು

ಕಳೆದ ಬೇಸಿಗೆಯಲ್ಲಿ ನಮ್ಮ ಕನ್ನಡ ಕೂಟದ ಪಿಕ್‌ನಿಕ್ ನಡೆಯಿತಲ್ಲ, ಅಲ್ಲಿ ಬಿಸಿಬೇಳೆಬಾತಿನ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಿದ್ದೆ. ಡೆನ್ವರಿಗೆ ಹೊಸದಾಗಿ ಬಂದಿದ್ದ ಹುಡುಗನೊಬ್ಬ ಹಿಂದಿನಿಂದ ಕೇಳಿದ: "ಸಾರ್, ನಿಮ್ಮ ಹತ್ರ ಜೀಪ್ ಇದೆಯಂತೆ. ನಾನೂ ಒಂದು ತಗೊಂಡೆ. ಎಷ್ಟು ಇಂಚು ಲಿಫ್ಟ್ ಹಾಕಿಸ್ಲಿ? ಟೈರು ಮೂವತ್ತೈದು ಸಾಕಾ, ಮೂವತ್ತೇಳು ಬೇಕಾ?"

ಬಾತಿನ ಸಾಲು ಮುಂದೆ ಸರಿಯುತ್ತಿತ್ತು. ಹಿಂದೆ ಇಪ್ಪತ್ತು ಜನ ಹಸಿದು ನಿಂತಿದ್ದರು. "ಆಮೇಲೆ ಹೇಳ್ತೀನಪ್ಪ" ಅಂದೆ. ಆಮೇಲೆ ಮಕ್ಕಳ ಓಟದ ಸ್ಪರ್ಧೆ, ಹಗ್ಗ ಜಗ್ಗಾಟ, ಅಂತ್ಯಾಕ್ಷರಿ ಎಲ್ಲ ಮುಗಿಯುವ ಹೊತ್ತಿಗೆ ಹುಡುಗ ಹೊರಟುಹೋಗಿದ್ದ. ಸ್ಮರಣ ಸಂಚಿಕೆಯ ಸಂಪಾದಕರು "ಏನಾದರೂ ಬರೆದುಕೊಡಿ" ಎಂದು ಫೋನ್ ಮಾಡಿದಾಗ ಆ ಹುಡುಗನ ಪ್ರಶ್ನೆಯೇ ನೆನಪಾಯಿತು. ಅವನಿಗೆ ಅಂದು ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಈ ವಿಷಯದಲ್ಲಿ ನಾನು ಕಲಿತದ್ದನ್ನು ಪುಸ್ತಕ ಓದಿ ಕಲಿಯಲಿಲ್ಲ, ಕೈ ಸುಟ್ಟುಕೊಂಡು ಕಲಿತೆ.

ಹುಚ್ಚು ಹಿಡಿದದ್ದು ಹೇಗೆ

ನಾನು ಹುಟ್ಟಿ ಬೆಳೆದದ್ದು ಮೂಡಿಗೆರೆಯ ಕಡೆ. ಮಲೆನಾಡಿನವರಿಗೆ ಜೀಪು ಅಂದರೆ ಬರೀ ವಾಹನವಲ್ಲ, ಮನೆಯ ಒಬ್ಬ ಸದಸ್ಯ ಇದ್ದ ಹಾಗೆ. ಕಾಫಿ ತೋಟದ ಮೂಟೆ, ಗೊಬ್ಬರ, ಕೂಲಿಯವರು, ಹೆರಿಗೆಗೆ ಹೊರಟ ಹೆಣ್ಣುಮಗಳು, ಮದುವೆಯ ದಿಬ್ಬಣ, ಎಲ್ಲದಕ್ಕೂ ಅದೇ. ಆಷಾಢದ ಮಳೆಯಲ್ಲಿ ರಸ್ತೆ ಕೆಸರಿನ ಹೊಂಡವಾದಾಗ ಡ್ರೈವರು ಟೈರಿಗೆ ಸರಪಳಿ ಸುತ್ತಿ, ಬೀಡಿ ಕಚ್ಚಿಕೊಂಡು, ಆತುರವಿಲ್ಲದೆ ಹತ್ತಿಸುತ್ತಿದ್ದ. ಆ ಜೀಪಿನ ಟೈರು ಎಷ್ಟು ಸಣ್ಣದು ಗೊತ್ತೆ? ಎರಡನೆಯ ಮಹಾಯುದ್ಧಕ್ಕೆಂದು ತಯಾರಾದ ವಿಲ್ಲೀಸ್ ಜೀಪಿನ ಟೈರು ಕೇವಲ 6 ಇಂಚು ಅಗಲ, 16 ಇಂಚಿನ ಚಕ್ರ. ನಮ್ಮೂರಿನ ಜೀಪುಗಳೂ ಅದೇ ವಂಶದವು. ಕಿರಿದಾದ ಟೈರು ಮೇಲಿನ ಕೆಸರನ್ನು ಸೀಳಿ ಕೆಳಗಿನ ಗಟ್ಟಿ ನೆಲವನ್ನು ಹಿಡಿಯುತ್ತಿತ್ತು. ಕೊಡಚಾದ್ರಿಗೆ ಹೋದವರು ನೋಡಿರುತ್ತೀರಿ, ಹತ್ತು ಜನರನ್ನು ತುಂಬಿಕೊಂಡು ಬಂಡೆಗಳ ಮೇಲೆ ಕುಣಿಯುತ್ತಾ ಹತ್ತುವ ಜೀಪುಗಳನ್ನು. ಅಲ್ಲಿ ಬೆಟ್ಟ ಹತ್ತಿಸುವುದು ಗಾಡಿಯ ಎತ್ತರಕ್ಕಿಂತ ಹೆಚ್ಚಾಗಿ ಡ್ರೈವರನ ಕಾಲು ಮತ್ತು ಕಣ್ಣು.

ಇದೆಲ್ಲ ಗೊತ್ತಿದ್ದೂ ನಾನು ಮರೆತೆ! 2014ರಲ್ಲಿ ಎರಡು ವರ್ಷ ಹಳೆಯದಾದ, ನಾಲ್ಕು ಬಾಗಿಲಿನ ರ‍್ಯಾಂಗ್ಲರ್ ಒಂದನ್ನು ಕೊಂಡೆ. ಮರುವರ್ಷ ವಸಂತದಲ್ಲಿ ಗೆಳೆಯರ ಜೊತೆ ಯೂಟಾ ರಾಜ್ಯದ ಮೋಆಬ್‌ಗೆ ಹೋದೆ. ಡೆನ್ವರಿನಿಂದ ಸುಮಾರು 350 ಮೈಲಿ. ಕೆಂಪು ಮರಳುಗಲ್ಲಿನ ಆ ಊರಿನಲ್ಲಿ 1967ರಿಂದಲೂ ಈಸ್ಟರ್ ಹಬ್ಬದ ಸುಮಾರಿಗೆ ಜೀಪಿನವರ ಜಾತ್ರೆ ನಡೆಯುತ್ತದೆ. ನಮ್ಮಲ್ಲಿ ತೇರಿನ ದಿನ ತೇರು ನೋಡಿದ ಹಾಗೆ ಅಲ್ಲಿ ಜೀಪು ನೋಡುತ್ತಾರೆ. ಬೀದಿಯಲ್ಲಿ ಸಾಲಾಗಿ ನಿಂತಿದ್ದ ಜೀಪುಗಳ ಟೈರೇ ನನ್ನ ಸೊಂಟದವರೆಗೆ. ಅವುಗಳ ಪಕ್ಕದಲ್ಲಿ ನನ್ನ ಗಾಡಿ ಆನೆಯ ಪಕ್ಕದ ಆಡಿನಂತೆ ಕಂಡಿತು. ಅವತ್ತು ರಾತ್ರಿಯೇ ತೀರ್ಮಾನಿಸಿದೆ, ನನ್ನದೂ ಏರಬೇಕು!

ಊರಿಗೆ ಮರಳಿ ಒಂದು ಅಂಗಡಿಯಲ್ಲಿ ಎರಡೂವರೆ ಇಂಚಿನ ಲಿಫ್ಟ್ ಕಿಟ್ ಮತ್ತು 35 ಇಂಚಿನ ಮಡ್ ಟೈರು ಹಾಕಿಸಿದೆ. ಕಿಟ್ ಅಂದರೆ ಉದ್ದನೆಯ ನಾಲ್ಕು ಸ್ಪ್ರಿಂಗು, ಉದ್ದನೆಯ ನಾಲ್ಕು ಶಾಕ್ ಅಬ್ಸಾರ್ಬರು, ಅಷ್ಟೆ. "ಇದಕ್ಕೆ ಇನ್ನೂ ಕೆಲವು ಭಾಗ ಬೇಕಾಗಬಹುದು" ಅಂತ ಅಂಗಡಿಯವನು ಹೇಳಿದ್ದ. ನಾನೇ "ಆಮೇಲೆ ನೋಡೋಣ" ಅಂದೆ. ಉಳಿತಾಯದ ಬುದ್ಧಿ ನೋಡಿ! ಒಟ್ಟು ಜೀಪು ನಾಲ್ಕು ಇಂಚು ಏರಿತು. ಮನೆಯ ಮುಂದೆ ನಿಲ್ಲಿಸಿ ಹತ್ತು ಫೋಟೋ ತೆಗೆದು ಊರಿಗೆ ಕಳಿಸಿದೆ.

ನಾಲ್ಕು ಇಂಚಿನ ಲೆಕ್ಕ

ಈಗ ಆ ನಾಲ್ಕು ಇಂಚಿನ ಲೆಕ್ಕ ನೋಡೋಣ. ಇದು ಮೊದಲೇ ತಿಳಿದಿದ್ದರೆ ನನ್ನ ಅರ್ಧ ದುಡ್ಡು ಉಳಿಯುತ್ತಿತ್ತು.

ಲಿಫ್ಟ್ ಕಿಟ್ ಏನು ಮಾಡುತ್ತದೆ? ಆಕ್ಸಲ್ಲಿಗೂ ಗಾಡಿಯ ಮೈಗೂ ನಡುವೆ ಇರುವ ಸ್ಪ್ರಿಂಗನ್ನು ಉದ್ದ ಮಾಡುತ್ತದೆ. ಮೈ ಮೇಲೇರುತ್ತದೆ. ಆದರೆ ಆಕ್ಸಲ್ಲು, ಅದರ ನಡುವಿನ ಕುಂಬಳಕಾಯಿಯಂಥ ಡಿಫರೆನ್ಷಿಯಲ್, ಇದ್ದಲ್ಲೇ ಇರುತ್ತವೆ. ಬಂಡೆಗೆ ಮೊದಲು ಬಡಿಯುವುದು ಆ ಕುಂಬಳಕಾಯಿಯೇ. ಅದನ್ನು ಮೇಲೆತ್ತುವ ಶಕ್ತಿ ಇರುವುದು ಟೈರಿಗೆ ಮಾತ್ರ, ಅದೂ ವ್ಯಾಸ ಹೆಚ್ಚಿದ್ದರಲ್ಲಿ ಅರ್ಧದಷ್ಟು. ನನ್ನ ಮೂಲ ಟೈರಿನ ಅಳತೆ 255/70, 18 ಇಂಚಿನ ಚಕ್ರ. 255 ಮಿಲಿಮೀಟರಿನ ಶೇಕಡಾ 70 ಅಂದರೆ 178.5. ಮೇಲೆ ಕೆಳಗೆ ಸೇರಿ 357. ಅದಕ್ಕೆ ಚಕ್ರದ 457 ಸೇರಿಸಿದರೆ 814 ಮಿಲಿಮೀಟರು, ಅಂದರೆ 32 ಇಂಚು. ಅದು 35 ಆದಾಗ ಆಕ್ಸಲ್ಲು ಏರಿದ್ದು ಒಂದೂವರೆ ಇಂಚು. ನಾಲ್ಕು ಇಂಚು ಏರಿದೆ ಅಂತ ಬೀಗುತ್ತಿದ್ದವನ ಆಕ್ಸಲ್ಲಿನ ಕೆಳಗೆ ಸಿಕ್ಕ ಲಾಭ ಬರೀ ಒಂದೂವರೆ!

ಹಾಗಾದರೆ ಲಿಫ್ಟ್ ದಂಡವೇ? ಅಲ್ಲ. ದೊಡ್ಡ ಟೈರು ಚಕ್ರದ ಗೂಡಿಗೆ ತಾಗದಂತೆ ಜಾಗ ಕೊಡುವುದು ಅದರ ಮೊದಲ ಕೆಲಸ. ಎರಡನೆಯದು ಹೊಟ್ಟೆಯನ್ನು ಕಾಪಾಡುವುದು. ನನ್ನ ಜೀಪಿನ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ 116 ಇಂಚು ದೂರ. ಗುಡ್ಡದ ನೆತ್ತಿಯ ಮೇಲೆ ಹೋಗುವಾಗ ಹೊಟ್ಟೆ ನೆಲಕ್ಕೆ ತಾಗಿ, ತೊಲೆಯ ಮೇಲೆ ಕುಳಿತ ಹಲ್ಲಿಯಂತೆ ಆಗುತ್ತದೆ. ಹೊಟ್ಟೆ 4 ಇಂಚು ಏರಿದರೆ ದಾಟಬಹುದಾದ ನೆತ್ತಿಯ ಕೋನ ಅಂದಾಜು 7 ಡಿಗ್ರಿ ಹೆಚ್ಚುತ್ತದೆ. ಬಂಪರಿನ ಮುಂದಿನ, ಹಿಂದಿನ ಕೋನಗಳೂ ಹೆಚ್ಚುತ್ತವೆ. ದೊಡ್ಡ ಚಕ್ರ ಮೆಟ್ಟಿಲಿನಂಥ ಬಂಡೆಯನ್ನು ಸುಲಭವಾಗಿ ಹತ್ತುತ್ತದೆ, ಗುಂಡಿಗೆ ಪೂರ್ತಿ ಬೀಳುವುದಿಲ್ಲ. ಮೋಆಬಿನ ಕಠಿಣವಾದ ದಾರಿಗಳಲ್ಲಿ ಇವೆಲ್ಲ ಬೇಕೇ ಬೇಕು. ಆದರೆ ನಾನು ವರ್ಷದಲ್ಲಿ ಎಷ್ಟು ದಿನ ಅಲ್ಲಿರುತ್ತೇನೆ? ಹೆಚ್ಚೆಂದರೆ ಆರು. ಉಳಿದ 359 ದಿನ ಆಫೀಸು, ಮಕ್ಕಳ ಶಾಲೆ, ಪಟೇಲರ ಅಂಗಡಿ, ಶನಿವಾರದ ಕನ್ನಡ ತರಗತಿ. ಆ ದಿನಗಳಲ್ಲಿ ಈ ನಾಲ್ಕು ಇಂಚು ಏನು ಮಾಡುತ್ತವೆ ಅನ್ನುವುದನ್ನು ನಾನು ಕೇಳಿಕೊಂಡಿರಲೇ ಇಲ್ಲ.

ಮೀಟರು ಸುಳ್ಳು ಹೇಳಿತು

ಮೊದಲ ವಾರದಲ್ಲೇ ಹೆದ್ದಾರಿ ಪೊಲೀಸರು ನಿಲ್ಲಿಸಿದರು. "ನಾನು ಅರವತ್ತರಲ್ಲೇ ಇದ್ದೆ" ಅಂದೆ ಪ್ರಾಮಾಣಿಕವಾಗಿ. ಅಧಿಕಾರಿ ಒಮ್ಮೆ ಟೈರು ನೋಡಿ, ಒಮ್ಮೆ ನನ್ನ ಮುಖ ನೋಡಿ, ನಕ್ಕು, ಎಚ್ಚರಿಕೆ ಕೊಟ್ಟು ಬಿಟ್ಟರು. ಮೀಟರು ಲೆಕ್ಕ ಹಾಕುವುದು ಚಕ್ರದ ಸುತ್ತುಗಳನ್ನು. ದೊಡ್ಡ ಚಕ್ರ ಒಂದು ಸುತ್ತಿಗೆ ಹೆಚ್ಚು ದೂರ ಹೋಗುತ್ತದೆ. 32ರಿಂದ 35 ಅಂದರೆ ಶೇಕಡಾ 9ರಷ್ಟು ವ್ಯತ್ಯಾಸ. ಮೀಟರು 60 ತೋರಿಸಿದಾಗ ಗಾಡಿಯ ನಿಜವಾದ ವೇಗ ಸುಮಾರು 65. ಕಂಪ್ಯೂಟರಿಗೆ ಹೊಸ ಟೈರಿನ ಅಳತೆ ತಿಳಿಸುವ ಪುಟ್ಟ ಉಪಕರಣ ಸಿಗುತ್ತದೆ, ಅದನ್ನು ಹಾಕಿಸಿಕೊಳ್ಳಬೇಕು. ಇದು ದಂಡದ ವಿಷಯ ಮಾತ್ರ ಅಲ್ಲ. ಗಿಯರು ಯಾವಾಗ ಬದಲಾಗಬೇಕು ಎನ್ನುವುದನ್ನೂ ಕಂಪ್ಯೂಟರು ಅದೇ ಲೆಕ್ಕದ ಮೇಲೆ ನಿರ್ಧರಿಸುತ್ತದೆ.

ಮೈಲೇಜೂ ಬಿದ್ದುಹೋಯಿತು ಅಂತ ಕೊರಗಿದೆ. ಇದರಲ್ಲಿ ಅರ್ಧ ನಿಜ, ಅರ್ಧ ಭ್ರಮೆ. ಎತ್ತರದ ಗಾಡಿ ಹೆಚ್ಚು ಗಾಳಿಯನ್ನು ತಳ್ಳಬೇಕು, ಭಾರದ ಟೈರನ್ನು ಉರುಳಿಸಬೇಕು, ಹಾಗಾಗಿ ಪೆಟ್ರೋಲು ಖಂಡಿತ ಹೆಚ್ಚು ಬೇಕು. ಆದರೆ ಓಡಿದ ದೂರವನ್ನೂ ಮೀಟರು ಕಡಿಮೆ ತೋರಿಸುವುದರಿಂದ ನಷ್ಟ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಇನ್ನು ಎಂಜಿನ್ನು. ದೊಡ್ಡ ಚಕ್ರ ಅಂದರೆ ಉದ್ದನೆಯ ಹೆಜ್ಜೆ. ಸೈಕಲ್ಲಿನಲ್ಲಿ ಸದಾ ಒಂದು ಗಿಯರು ಮೇಲೆಯೇ ಇಟ್ಟುಕೊಂಡು ಏರು ತುಳಿದ ಹಾಗೆ. ನನ್ನ ಆಕ್ಸಲ್ಲಿನ ಗಿಯರು ಅನುಪಾತ 3.73. ಹೊಸ ಟೈರಿನೊಂದಿಗೆ ಅದು 3.42 ಇದ್ದ ಹಾಗೆ ವರ್ತಿಸತೊಡಗಿತು. ಮೊದಲಿನ ಚುರುಕು ಬೇಕಾದರೆ ಆಕ್ಸಲ್ಲು ಬಿಚ್ಚಿ ಕಡೇಪಕ್ಷ 4.10ರ ಗಿಯರು ಹಾಕಿಸಬೇಕು. ಟೈರಿನ ಭಾರವನ್ನೂ ಲೆಕ್ಕಕ್ಕೆ ತಂದು 4.56 ಹಾಕಿಸುವವರೂ ಉಂಟು. ಮುಂದೆ ಹಿಂದೆ ಎರಡಕ್ಕೂ ಒಂದೇ ಅನುಪಾತ ಇರಬೇಕು, ಅಂದರೆ ಖರ್ಚೂ ಎರಡು ಪಟ್ಟು. ನಮ್ಮ ಕೊಲೊರಾಡೊದಲ್ಲಿ ಇದಕ್ಕೆ ಇನ್ನೊಂದು ಕಷ್ಟ ಸೇರಿಕೊಳ್ಳುತ್ತದೆ. ಟರ್ಬೊ ಇಲ್ಲದ ಎಂಜಿನ್ನು ಸಾವಿರ ಅಡಿ ಏರಿದಂತೆಲ್ಲ ಸುಮಾರು ಶೇಕಡಾ 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಐ-70 ಹೆದ್ದಾರಿಯ ಐಸೆನ್‌ಹೋವರ್ ಸುರಂಗ ಇರುವುದು 11,158 ಅಡಿ ಎತ್ತರದಲ್ಲಿ. ಅಲ್ಲಿಗೆ ಹತ್ತುವಾಗ ನನ್ನ ಜೀಪು ಲಾರಿಗಳ ಸಾಲಿನಲ್ಲಿ, ಗಿಯರು ಮೇಲೆ ಕೆಳಗೆ ಹುಡುಕುತ್ತಾ, ಏದುಸಿರು ಬಿಡುತ್ತಿತ್ತು.

ಆ ದಿನ

ಅದೇ ಬೇಸಿಗೆಯಲ್ಲಿ ಅಮ್ಮ ಊರಿನಿಂದ ಬಂದರು. ವಿಮಾನ ನಿಲ್ದಾಣದಲ್ಲಿ ಜೀಪಿನ ಮುಂದೆ ನಿಂತು, ಬಾಗಿಲ ಕೆಳಗಿನ ಅಂಚನ್ನು ನೋಡಿ, "ಇದನ್ನ ಹತ್ತೋದು ಹೇಗೋ?" ಅಂದರು. ಎಪ್ಪತ್ತು ದಾಟಿದವರು, ಮೊಣಕಾಲು ನೋವು ಬೇರೆ. ಒಂದು ಪ್ಲಾಸ್ಟಿಕ್ ಸ್ಟೂಲು ಕೊಂಡು ಡಿಕ್ಕಿಯಲ್ಲಿ ಇಟ್ಟೆ. ಎಲ್ಲಿ ಹೋದರೂ ಸ್ಟೂಲು ಇಳಿಸುವುದು, ಅಮ್ಮನನ್ನು ಹತ್ತಿಸುವುದು, ಸ್ಟೂಲು ಒಳಗಿಡುವುದು. "ನಮ್ಮೂರ ಜೀಪಿಗೆ ಇದ್ಯಾವುದೂ ಬೇಕಿರಲಿಲ್ಲ" ಅಂತ ಒಮ್ಮೆ ಅಂದರು, ಅಷ್ಟೆ. ನಾನು ಕೇಳಿಸಿಕೊಳ್ಳಲಿಲ್ಲ.

ಒಂದು ಶನಿವಾರ ಎಲ್ಲರೂ ಗ್ಲೆನ್‌ವುಡ್ ಸ್ಪ್ರಿಂಗ್ಸಿನ ಬಿಸಿನೀರಿನ ಬುಗ್ಗೆಗೆ ಹೊರಟೆವು. ಅಮ್ಮನ ಮೊಣಕಾಲಿಗೆ ಒಳ್ಳೆಯದು ಅಂತ. ಸುರಂಗ ದಾಟಿದ ಮೇಲೆ ದೊಡ್ಡ ಇಳಿಜಾರು. ಅಲ್ಲಿ ಮೊದಲ ಪಾಠ ಆಯಿತು. ಬ್ರೇಕು ಒತ್ತಿದರೆ ಗಾಡಿ ಮೊದಲಿನ ಹಾಗೆ ನಿಲ್ಲುತ್ತಿಲ್ಲ. ನನ್ನ ಹೊಸ ಟೈರು ಒಂದೊಂದೂ ಹಳೆಯದಕ್ಕಿಂತ ಇಪ್ಪತ್ತೈದು ಪೌಂಡಿಗೂ ಹೆಚ್ಚು ಭಾರ. ಆ ಭಾರ ಇರುವುದೂ ಚಕ್ರದ ಹೊರ ಅಂಚಿನಲ್ಲಿ. ತಿರುಗುವ ವಸ್ತುವಿನ ಭಾರ ಅಂಚಿನಲ್ಲಿದ್ದಷ್ಟೂ ಅದನ್ನು ತಿರುಗಿಸುವುದೂ ಕಷ್ಟ, ನಿಲ್ಲಿಸುವುದೂ ಕಷ್ಟ. ಬೀಸುವ ಕಲ್ಲನ್ನು ಕೈಯಲ್ಲಿ ಹಿಡಿದು ನಿಲ್ಲಿಸಿ ನೋಡಿ, ಗೊತ್ತಾಗುತ್ತದೆ. ಬ್ರೇಕಿನ ತಟ್ಟೆ ಮಾತ್ರ ಮೊದಲಿನದೇ, ಅದೇ ಅಳತೆ. ಕೆಳಗೆ ಇಳಿಯುವ ಹೊತ್ತಿಗೆ ಸುಟ್ಟ ವಾಸನೆ. ಗಿಯರು ಇಳಿಸಿ ಎಂಜಿನ್ನಿನ ಬಲದಲ್ಲಿ ಇಳಿಯಬೇಕು ಅನ್ನುವುದು ಗೊತ್ತಿದ್ದವನು, ಅಷ್ಟು ದಿನ ಗಾಡಿ ಕ್ಷಮಿಸುತ್ತಿತ್ತು ಅಂತ ಮರೆತಿದ್ದೆ.

ವೇಲ್ ಊರು ದಾಟಿದ ಮೇಲೆ ಒಂದು ಸೇತುವೆ. ವೇಗ ಐವತ್ತೈದರ ಸುಮಾರು. ಸೇತುವೆಯ ಜೋಡಣೆಯ ಮೇಲೆ ಮುಂದಿನ ಚಕ್ರ ಸಣ್ಣಗೆ "ಧಡ್" ಅಂದಿತು. ಮರುಕ್ಷಣ ಸ್ಟಿಯರಿಂಗು ನನ್ನ ಕೈಯಲ್ಲಿ ಎಡಕ್ಕೂ ಬಲಕ್ಕೂ ಹೊಡೆದುಕೊಳ್ಳತೊಡಗಿತು. ಇಡೀ ಮುಂಭಾಗ ಮೈಮೇಲೆ ದೇವರು ಬಂದವರ ಹಾಗೆ ನಡುಗುತ್ತಿದೆ. ಕನ್ನಡಿಯಲ್ಲಿ ಏನೂ ಕಾಣುತ್ತಿಲ್ಲ. ಹಿಂದೆ ಲಾರಿ ಇದೆ ಎಂಬುದು ಮಾತ್ರ ಗೊತ್ತು. ಮಗಳು ಚೀರಿದಳು. ಹೆಂಡತಿ ನನ್ನ ತೋಳು ಹಿಡಿದಳು. ಬ್ರೇಕು ಜೋರಾಗಿ ಒತ್ತಬೇಕು ಅನ್ನಿಸಿತು. ಏಕೋ ಒತ್ತಲಿಲ್ಲ. ಸ್ಟಿಯರಿಂಗನ್ನು ಗಟ್ಟಿಯಾಗಿ ಹಿಡಿದು, ಆಕ್ಸಲರೇಟರು ಬಿಟ್ಟು, ಮೆಲ್ಲಗೆ ವೇಗ ಇಳಿಯಲು ಬಿಟ್ಟೆ. ಮೂವತ್ತೈದಕ್ಕೆ ಇಳಿದಾಗ ನಡುಕ ಥಟ್ಟನೆ ನಿಂತಿತು. ರಸ್ತೆಯ ಅಂಚಿಗೆ ಬಂದು ನಿಲ್ಲಿಸಿದೆ. ಎಲ್ಲ ಸೇರಿ ಹತ್ತು ಸೆಕೆಂಡು ಇರಬಹುದು.

ಯಾರೂ ಮಾತಾಡಲಿಲ್ಲ. ಅಮ್ಮ ಮಗಳನ್ನು ಅಪ್ಪಿ ಹಿಡಿದಿದ್ದರು. ಆಮೇಲೆ ಕೇಳಿದರು: "ಗಾಡಿ ಹಾಳಾಗಿತ್ತಾ, ಇಲ್ಲ ನೀನು ಏನಾದ್ರೂ ಮಾಡಿಸಿದ್ಯಾ?" ಉತ್ತರ ನನ್ನ ಬಾಯಿಗೆ ಬರಲಿಲ್ಲ.

ಬಿಳಿಗೂದಲಿನ ಮೆಕ್ಯಾನಿಕ್ ಹೇಳಿದ್ದು

ಗಾಡಿಯನ್ನು ಎಳೆಸಿಕೊಂಡು ಹತ್ತಿರದ ಊರಿನ ಸಣ್ಣ ಗ್ಯಾರೇಜಿಗೆ ಹೋದೆವು. ಅಲ್ಲಿದ್ದ ಬಿಳಿಗೂದಲಿನ ಮೆಕ್ಯಾನಿಕ್ ಕೆಳಗೆ ನುಸುಳಿ ನೋಡಿ, ನನ್ನನ್ನೂ ಕರೆದು ತೋರಿಸಿದರು. ಜೀಪಿನವರು ಇದಕ್ಕೆ "ಡೆತ್ ವಾಬಲ್" ಅನ್ನುತ್ತಾರೆ. ಹೆಸರೇ ಸಾಕಲ್ಲ! ಅವರು ವಿವರಿಸಿದ್ದನ್ನು ನನಗೆ ಅರ್ಥವಾದಂತೆ ಹೇಳುತ್ತೇನೆ.

ಸೈಕಲ್ಲಿನ ಮುಂದಿನ ಫೋರ್ಕು ನೇರವಾಗಿ ನಿಂತಿರುವುದಿಲ್ಲ, ಸ್ವಲ್ಪ ಹಿಂದಕ್ಕೆ ವಾಲಿರುತ್ತದೆ. ಅದರಿಂದಲೇ ಕೈ ಬಿಟ್ಟು ತುಳಿದರೂ ಚಕ್ರ ತಾನಾಗಿ ನೇರಕ್ಕೆ ಬರುತ್ತದೆ. ಜೀಪಿನ ಮುಂದಿನ ಚಕ್ರಗಳಿಗೂ ಇಂಥದೇ ಒಂದು ವಾಲು ಇರುತ್ತದೆ, ಅದರ ಹೆಸರು ಕ್ಯಾಸ್ಟರ್. ನನ್ನ ಜೀಪಿನಲ್ಲಿ ಮೂಲತಃ ಅದು 4 ಡಿಗ್ರಿಗೂ ಸ್ವಲ್ಪ ಹೆಚ್ಚು. ಸ್ಪ್ರಿಂಗು ಉದ್ದವಾಗಿ ಮೈ ಏರಿದಾಗ, ಆಕ್ಸಲ್ಲನ್ನು ಹಿಡಿದಿರುವ ಕಂಟ್ರೋಲ್ ಆರ್ಮ್‌ಗಳು ಉದ್ದವಾಗಲಿಲ್ಲವಲ್ಲ! ಅವು ಕೆಳಕ್ಕೆ ಬಾಗಿ, ಆಕ್ಸಲ್ಲನ್ನು ಸ್ವಲ್ಪ ತಿರುಗಿಸಿ, ಆ ವಾಲನ್ನು ಕಡಿಮೆ ಮಾಡಿದ್ದವು. ಅಳೆದಾಗ ಎರಡೂವರೆ ಡಿಗ್ರಿಯೂ ಇರಲಿಲ್ಲ. ಗಾಡಿ ಹೆದ್ದಾರಿಯಲ್ಲಿ ಅಲೆಯುತ್ತಿದ್ದದ್ದು ಅದಕ್ಕೇ. ನಾನು ಗಾಳಿ ಜಾಸ್ತಿ ಅಂದುಕೊಂಡಿದ್ದೆ.

ಎರಡನೆಯದು ಟ್ರ್ಯಾಕ್ ಬಾರ್. ಆಕ್ಸಲ್ಲು ಪಕ್ಕಕ್ಕೆ ಸರಿಯದಂತೆ ಚಾಸಿಗೂ ಆಕ್ಸಲ್ಲಿಗೂ ಓರೆಯಾಗಿ ಕಟ್ಟಿದ ಸರಳು ಅದು. ಮೈ ಏರಿದಾಗ ಅದರ ಓರೆ ಹೆಚ್ಚಿ, ಇಡೀ ಆಕ್ಸಲ್ಲನ್ನು ಒಂದು ಪಕ್ಕಕ್ಕೆ ಎಳೆಯುತ್ತದೆ. ನನ್ನ ಸ್ಟಿಯರಿಂಗು ನೇರ ಹೋಗುವಾಗಲೂ ಸೊಟ್ಟಗಿರುತ್ತಿದ್ದುದಕ್ಕೆ ಕಾರಣ ಅದು. ಸಾಲದ್ದಕ್ಕೆ, ಗಾಡಿ ಗಾಳಿಯಲ್ಲಿ ತೂಗುತ್ತಿದ್ದಾಗಲೇ ಅದರ ಬೋಲ್ಟನ್ನು ಬಿಗಿದಿದ್ದರು. ಚಕ್ರ ನೆಲದ ಮೇಲಿದ್ದು, ಗಾಡಿಯ ಪೂರ್ತಿ ಭಾರ ಬಿದ್ದಾಗ ಬಿಗಿಯಬೇಕಾದದ್ದು. ಅದು ಸಡಿಲವಾಗಿ, ರಂಧ್ರ ಮೊಟ್ಟೆಯಾಕಾರಕ್ಕೆ ಸವೆದಿತ್ತು. ಸಡಿಲ ಬೋಲ್ಟು, ಕಡಿಮೆ ಕ್ಯಾಸ್ಟರ್, ಭಾರದ ಟೈರು, ಮೂರೂ ಸೇರಿದ ಮೇಲೆ ಒಂದು ಸಣ್ಣ ಏಟು ಸಾಕು, ನಡುಕ ತನ್ನಿಂದ ತಾನೇ ಬೆಳೆಯುತ್ತದೆ.

"ಸ್ಟಿಯರಿಂಗ್ ಸ್ಟೆಬಿಲೈಸರ್ ಹೊಸದು ಹಾಕಿದರೆ ಸಾಕಾಗುತ್ತಾ?" ಕೇಳಿದೆ. ಅವರು ತಲೆಯಾಡಿಸಿದರು. ಅದು ಜ್ವರಕ್ಕೆ ನುಂಗುವ ಗುಳಿಗೆಯ ಹಾಗೆ, ರೋಗಕ್ಕಲ್ಲ. ಆಮೇಲೆ ಅವರು ಕೇಳಿದ ಒಂದು ಮಾತು ಇಂದಿಗೂ ಮರೆತಿಲ್ಲ: "ಈ ಗಾಡಿಯಲ್ಲಿ ನೀನು ಎಲ್ಲಿಗೆ ಹೋಗಬೇಕು ಅಂತಿದ್ದೀಯ?" ಯೋಚಿಸಿದೆ. ನಾನು ಕನಸು ಕಂಡಿದ್ದ ದಾರಿಗಳಲ್ಲಿ ಹೆಚ್ಚಿನವಕ್ಕೆ ಕಾರ್ಖಾನೆಯಿಂದ ಬಂದ ಜೀಪೇ ಸಾಕಾಗಿತ್ತು.

ಹುಲ್ಲಿನ ಗಾಡಿ

ಮನೆಗೆ ಬಂದ ಮೇಲೆ, ಎಂಜಿನಿಯರಿಂಗ್ ಓದಿದವನಾಗಿ ಮೊದಲೇ ಹಾಕಬೇಕಿದ್ದ ಇನ್ನೊಂದು ಲೆಕ್ಕ ಹಾಕಿದೆ. ನಮ್ಮೂರಲ್ಲಿ ಎತ್ತಿನ ಗಾಡಿಗೆ ಹುಲ್ಲು ಹೇರುವಾಗ ಹಿರಿಯರು ಏನು ಹೇಳುತ್ತಿದ್ದರು? "ಎತ್ತರ ಮಾಡಬೇಡಿ, ತಿರುವಿನಲ್ಲಿ ಮಗುಚುತ್ತೆ." ಭೌತಶಾಸ್ತ್ರ ಇಷ್ಟೇ. ಗಾಡಿ ಉರುಳುವ ಸಾಧ್ಯತೆಯನ್ನು ಅಳೆಯಲು ಇಲ್ಲಿನ ಹೆದ್ದಾರಿ ಸುರಕ್ಷತಾ ಇಲಾಖೆಯೂ ಬಳಸುವ ಒಂದು ಸರಳ ಸಂಖ್ಯೆ ಇದೆ. ಎಡ ಬಲ ಚಕ್ರಗಳ ನಡುವಿನ ಅಗಲವನ್ನು, ಗುರುತ್ವ ಕೇಂದ್ರದ ಎತ್ತರದ ಎರಡರಷ್ಟರಿಂದ ಭಾಗಿಸುವುದು. ಸಂಖ್ಯೆ ದೊಡ್ಡದಿದ್ದಷ್ಟೂ ಗಾಡಿ ಸ್ಥಿರ. ಅಗಲ 62 ಇಂಚು, ಕೇಂದ್ರದ ಎತ್ತರ 28 ಇಂಚು ಅಂತ ಇಟ್ಟುಕೊಳ್ಳಿ, ಉತ್ತರ 1.1. ಲಿಫ್ಟು ಮತ್ತು ಟೈರಿನಿಂದ ಕೇಂದ್ರ 3 ಇಂಚು ಏರಿದರೆ ಉತ್ತರ 1.0. ಹತ್ತರಲ್ಲಿ ಒಂದು ಪಾಲು ಸ್ಥಿರತೆ ಕೈಬಿಟ್ಟಿತು. ಮೇಲೆ ಛಾವಣಿಯ ಕ್ಯಾರಿಯರು, ಅದರ ಮೇಲೆ ಡೇರೆ, ನೀರಿನ ಕ್ಯಾನು ಕಟ್ಟಿದರೆ ಇನ್ನಷ್ಟು ಹೋಗುತ್ತದೆ. ಅಡ್ಡ ಇಳಿಜಾರಿನಲ್ಲಿ, ಹೆದ್ದಾರಿಯ ಸುತ್ತುವ ಎಕ್ಸಿಟ್‌ಗಳಲ್ಲಿ, ಜಿಂಕೆ ಅಡ್ಡ ಬಂದಾಗ ಥಟ್ಟನೆ ತಿರುಗಿಸುವಲ್ಲಿ ಬೇಕಾಗುವುದು ಆ ಒಂದು ಪಾಲೇ.

ನನ್ನ ತೀರ್ಮಾನ ಸುಲಭವಾಗಿತ್ತು. ಎರಡು ದಾರಿ ಇದ್ದವು. ಒಂದು, ಹೊಂದಿಸಬಹುದಾದ ಟ್ರ್ಯಾಕ್ ಬಾರ್, ಉದ್ದನೆಯ ಕಂಟ್ರೋಲ್ ಆರ್ಮ್, ಹೊಸ ಗಿಯರು, ದೊಡ್ಡ ಬ್ರೇಕು, ಎಲ್ಲ ಹಾಕಿಸಿ ಕೆಲಸ ಪೂರ್ತಿ ಮಾಡುವುದು. ಹಾಗೆ ಪೂರ್ತಿ ಮಾಡಿದ ಜೀಪುಗಳು ಚೆನ್ನಾಗಿಯೇ ಓಡುತ್ತವೆ, ಅದರಲ್ಲಿ ಸಂಶಯವಿಲ್ಲ. ಇನ್ನೊಂದು, ಕೆಳಗೆ ಇಳಿಯುವುದು. ನಾನು ಇಳಿದೆ. ಮೂಲ ಸ್ಪ್ರಿಂಗುಗಳನ್ನೇ ಮರಳಿ ಹಾಕಿಸಿ, 17 ಇಂಚಿನ ಚಕ್ರಕ್ಕೆ 285/70 ಅಳತೆಯ ಟೈರು ತೊಡಿಸಿದೆ. ವ್ಯಾಸ ಮೂವತ್ತಮೂರಕ್ಕೆ ಸ್ವಲ್ಪ ಕಡಿಮೆ. ಏರಿದ್ದು ಅರ್ಧ ಇಂಚೂ ಅಲ್ಲ. ಫೋಟೋದಲ್ಲಿ ಯಾರಿಗೂ ಗೊತ್ತಾಗುವುದಿಲ್ಲ!

ಆ ಹುಡುಗನಿಗೂ ನಿಮಗೂ ನಾಲ್ಕು ಮಾತು

ಇದನ್ನೆಲ್ಲ ಓದಿ ಲಿಫ್ಟೇ ಕೆಟ್ಟದು ಅಂದುಕೊಳ್ಳಬೇಡಿ. ಹಾಕಿಸುವ ಮುಂಚೆ ಈ ಕೆಲವು ಮಾತು ನೆನಪಿಡಿ.

ಒಂದು, ಮೊದಲು ಟೈರಿನ ಗಾಳಿ ಇಳಿಸಿ ನೋಡಿ. ಮಣ್ಣು, ಮರಳು, ಬಂಡೆಯ ದಾರಿಯಲ್ಲಿ 35 ಪಿಎಸ್‌ಐ ಇದ್ದದ್ದನ್ನು 18ಕ್ಕೆ ಇಳಿಸಿದರೆ ಟೈರಿನ ಪಾದ ಉದ್ದವಾಗಿ, ನೆಲವನ್ನು ಅಂಗೈಯಲ್ಲಿ ಹಿಡಿದಂತೆ ಹಿಡಿಯುತ್ತದೆ. ಇದಕ್ಕೆ ಬೇಕಾದದ್ದು ಒಂದು ಗೇಜು ಮತ್ತು ಒಂದು ಪುಟ್ಟ ಕಂಪ್ರೆಸರು. ಹೆದ್ದಾರಿಗೆ ಮರಳುವ ಮುಂಚೆ ಮತ್ತೆ ಗಾಳಿ ತುಂಬಲೇಬೇಕು, ಮರೆತರೆ ಟೈರು ಕಾದು ಸಿಡಿದೀತು.

ಎರಡು, ಲಿಫ್ಟ್ ಹಾಕಿಸುವುದಾದರೆ ಸ್ಪ್ರಿಂಗಿನ ಬೆಲೆ ಮಾತ್ರ ಕೇಳಬೇಡಿ. ಕ್ಯಾಸ್ಟರ್ ಸರಿಪಡಿಸುವ ಭಾಗ, ಟ್ರ್ಯಾಕ್ ಬಾರ್, ಅಲೈನ್‌ಮೆಂಟು, ಸ್ಪೀಡೋಮೀಟರಿನ ಹೊಂದಾಣಿಕೆ, ಸಾಧ್ಯವಾದರೆ ಗಿಯರು, ಎಲ್ಲವನ್ನೂ ಸೇರಿಸಿ ಕೇಳಿ. ಸ್ವಲ್ಪ ದೂರ ಓಡಿದ ಮೇಲೆ ಪ್ರತಿ ಬೋಲ್ಟನ್ನೂ ಮತ್ತೆ ಬಿಗಿಸಿ.

ಮೂರು, ನಮ್ಮ ಕೂಟದಲ್ಲಿ ಟೊಯೋಟಾ ಫೋರ್‌ರನ್ನರ್, ಟಕೋಮಾ ಇಟ್ಟುಕೊಂಡವರು ಅನೇಕರಿದ್ದೀರಿ. ನಿಮ್ಮ ಗಾಡಿಗಳಲ್ಲಿ ಮುಂದೆ ಇಡೀ ಆಕ್ಸಲ್ ಇಲ್ಲ, ಚಕ್ರಗಳು ಬೇರೆ ಬೇರೆಯಾಗಿ ಆಡುತ್ತವೆ. ಅಲ್ಲಿ ಲಿಫ್ಟು ಹೆಚ್ಚಿದಂತೆ ಚಕ್ರಕ್ಕೆ ಶಕ್ತಿ ಒಯ್ಯುವ ಸಿವಿ ಆಕ್ಸಲ್ಲಿನ ಕೋನ ಕಡಿದಾಗಿ, ರಬ್ಬರಿನ ಚೀಲ ಹರಿಯುತ್ತದೆ. ಅದಕ್ಕೇ ಅನುಭವಿಗಳು ಎರಡು, ಎರಡೂವರೆ ಇಂಚಿಗೆ ನಿಲ್ಲುತ್ತಾರೆ.

ನಾಲ್ಕು, ಹೆಡ್‌ಲೈಟನ್ನು ಕೆಳಕ್ಕೆ ತಿರುಗಿಸಿಕೊಳ್ಳಿ. ಏರಿದ ಗಾಡಿಯ ದೀಪ ಎದುರಿನ ಪುಟ್ಟ ಕಾರಿನವರ ಕಣ್ಣಿಗೇ ಬೀಳುತ್ತದೆ. ಆ ಕಾರಿನಲ್ಲೂ ಒಂದು ಸಂಸಾರ ಇರುತ್ತದೆ. ಎತ್ತರ ಮತ್ತು ಬಂಪರಿನ ಬಗ್ಗೆ ಪ್ರತಿ ರಾಜ್ಯಕ್ಕೂ ಬೇರೆ ಕಾನೂನು, ನೋಡಿಕೊಳ್ಳಿ. ವಿಮೆಯವರಿಗೂ ತಿಳಿಸಿ. ಊರಿಗೆ ಮರಳಿ ಅಲ್ಲಿ ಹಾಕಿಸೋಣ ಅನ್ನುವವರಿಗೆ ಒಂದು ಕಿವಿಮಾತು: ವಾಹನವನ್ನು ತಯಾರಕರ ಮೂಲ ವಿವರಕ್ಕಿಂತ ಭಿನ್ನವಾಗಿ ಬದಲಾಯಿಸುವಂತಿಲ್ಲ ಎಂದು ಭಾರತದ ಸುಪ್ರೀಂ ಕೋರ್ಟು 2019ರಲ್ಲಿ ಸ್ಪಷ್ಟವಾಗಿ ಹೇಳಿದೆ.

ಐದು, ಎಲ್ಲಕ್ಕಿಂತ ಮುಖ್ಯವಾಗಿ, ಆ ಮೆಕ್ಯಾನಿಕ್ ಕೇಳಿದ ಪ್ರಶ್ನೆಯನ್ನು ಮೊದಲೇ ಕೇಳಿಕೊಳ್ಳಿ. ಎಲ್ಲಿಗೆ ಹೋಗಬೇಕು? ಜೊತೆಗೆ ಯಾರು ಕೂರುತ್ತಾರೆ?

ಶೇಫರ್ ದಾರಿಯಲ್ಲಿ

2017ರ ಸೆಪ್ಟೆಂಬರಿನಲ್ಲಿ ಅಮ್ಮ ಮತ್ತೆ ಬಂದರು. ಈ ಸಲ ಜೀಪಿನ ಮುಂದೆ ನಿಂತು ಸ್ಟೂಲು ಎಲ್ಲಿ ಅಂತ ಹುಡುಕಿದರು. "ಬೇಡಮ್ಮ, ಇಳಿಸಿದ್ದೀನಿ" ಅಂದೆ. ಬಾಗಿಲ ಹಿಡಿ ಹಿಡಿದು, ನನ್ನ ಭುಜದ ಆಸರೆಯಲ್ಲಿ, ತಾವೇ ಹತ್ತಿ ಮುಂದಿನ ಸೀಟಿನಲ್ಲಿ ಕುಳಿತರು.

ಮೋಆಬಿನ ಪಕ್ಕದ ಕ್ಯಾನ್ಯನ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನಕ್ಕೆ ಹೋದೆವು. ಅಲ್ಲಿ ಶೇಫರ್ ಎಂಬ ದಾರಿ ಇದೆ. ಮೊದಲು ಅದು ದನಕರು ಇಳಿಸುವ ಕಾಲುದಾರಿಯಾಗಿತ್ತು. 1950ರ ದಶಕದಲ್ಲಿ ಯುರೇನಿಯಂ ಅದಿರಿನ ಲಾರಿಗಳಿಗಾಗಿ ಅಗಲ ಮಾಡಿದರು. ಬೆಟ್ಟದ ಗೋಡೆಗೆ ಅಂಟಿಕೊಂಡು, ಹಾವಿನಂತೆ ಸುತ್ತುತ್ತಾ ಸುಮಾರು 1,500 ಅಡಿ ಕೆಳಕ್ಕೆ ಇಳಿಯುತ್ತದೆ. ಒಂದು ಕಡೆ ಕೆಂಪು ಬಂಡೆ, ಇನ್ನೊಂದು ಕಡೆ ಆಕಾಶ. ಒಣಗಿದ ದಿನದಲ್ಲಿ, ನೆಲದಿಂದ ಸ್ವಲ್ಪ ಎತ್ತರ ಇರುವ, ನಾಲ್ಕೂ ಚಕ್ರ ಎಳೆಯುವ ಮಾಮೂಲಿ ಗಾಡಿಗೆ ಆ ದಾರಿ ಸಾಕು. ಟೈರಿನ ಗಾಳಿ ಇಳಿಸಿ, ಲೋ ರೇಂಜಿಗೆ ಹಾಕಿ, ಬ್ರೇಕಿನಿಂದ ಕಾಲು ತೆಗೆದು, ನಡೆಯುವ ವೇಗದಲ್ಲಿ ಇಳಿಸಿದೆ.

ಒಂದು ತಿರುವಿನಲ್ಲಿ ಅಮ್ಮ ಕಿಟಕಿಯಿಂದ ಕೆಳಗೆ ನೋಡಿ ಹೇಳಿದರು: "ಈಗ ನಮ್ಮ ತೋಟದ ಡ್ರೈವರ್ ಓಡಿಸ್ದಂಗೆ ಓಡಿಸ್ತಿದ್ದೀಯ ನೋಡು." ನನ್ನ ಜೀಪಿಗೆ ಸಿಕ್ಕ ಅತಿ ದೊಡ್ಡ ಪ್ರಶಸ್ತಿ ಅದು. ಅದೇ ಅಮ್ಮನ ಕೊನೆಯ ಅಮೆರಿಕಾ ಪ್ರಯಾಣ ಕೂಡ ಆಯಿತು. ಜೀಪು ಅಷ್ಟೇ ಎತ್ತರ ಉಳಿದಿದ್ದರೆ ಆ ಸೀಟಿನಲ್ಲಿ ಅವರು ಕೂರುತ್ತಿರಲಿಲ್ಲ. ಆ ಹತ್ತು ಸೆಕೆಂಡಿನ ಸೇತುವೆಯ ಮೇಲೆ ಏನಾದರೂ ಆಗಿದ್ದರೆ... ಬೇಡ, ಹಬ್ಬದ ಸಂಚಿಕೆಯಲ್ಲಿ ಆ ಮಾತು ಬೇಡ.

ತಮ್ಮಾ, ಬಿಸಿಬೇಳೆಬಾತಿನ ಸಾಲಿನಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಇಷ್ಟು ಉದ್ದವಾಯಿತು, ಕ್ಷಮಿಸು. ಒಂದು ಭಾನುವಾರ ಮನೆಗೆ ಬಾ. ಇಬ್ಬರೂ ಸೇರಿ ನಿನ್ನ ಜೀಪಿನ ಕೆಳಗೆ ಮಲಗಿ ನೋಡೋಣ. ಆಮೇಲೆ ಒಳ್ಳೆಯ ಮೂಡಿಗೆರೆ ಕಾಫಿ ಕುಡಿಯೋಣ. ಅಷ್ಟರಲ್ಲಿ ಏನನ್ನೂ ಆರ್ಡರ್ ಮಾಡಬೇಡ!

ಎಲ್ಲರಿಗೂ ಹಬ್ಬದ ಹಾರ್ದಿಕ ಶುಭಾಶಯಗಳು. ದಾರಿ ಯಾವುದೇ ಇರಲಿ, ಕ್ಷೇಮವಾಗಿ ಹೋಗಿ, ಕ್ಷೇಮವಾಗಿ ಮನೆಗೆ ಬನ್ನಿ.